ಕಡತದ ತಲೆಬರಹದಲ್ಲಿ ನಮ್ಮೂರು

ಹುಣಸೂರಿನ ನಮ್ಮ ಮನೆಯ ಅಟ್ಟದಲ್ಲಿ ಬಿಸ್ಕತ್ತಿನದೊಂದು ತಗಡಿನ ಡಬ್ಬಿ ಇದೆ. ಅದರೊಳಗೆ ಹೊಗೆಸೊಪ್ಪು ಮಾರಿದ ಹಳೆಯ ಚೀಟಿಗಳು, ಕಂದಾಯದ ರಸೀದಿಗಳು. ಅವುಗಳ ಅಡಿಯಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬಂದಿದ್ದ ಒಂದು ಸಿಡಿ. ಸಿಡಿಯ ಕಾಗದದ ಲಕೋಟೆಯ ಮೇಲೆ ನೀಲಿ ಬಾಲ್‌ಪೆನ್ನಿನ ಬರಹ ಮಾಸಿದೆ, ಆದರೂ ಓದಲು ಬರುತ್ತದೆ. ಒಟ್ಟು ನಾಲ್ಕು ಸಾಲು. ಪ್ರತಿ ಸಾಲಿನಲ್ಲೂ ಒಂದು ಹೆಸರಿನ ಮೊದಲಕ್ಷರ, ಒಂದು ಊರು, ಒಂದು ತಾರೀಕು. ಮೊದಲ ಸಾಲು ಹೆಗ್ಗಡದೇವನಕೋಟೆಯವನದು (ನಮ್ಮ ಬಾಯಲ್ಲಿ ಬರೀ ಕೋಟೆ), ಆಮೇಲೆ ಕೆ.ಆರ್. ನಗರ, ಆಮೇಲೆ ಪಿರಿಯಾಪಟ್ಟಣ, ಕೊನೆಗೆ ಮತ್ತೆ ಹುಣಸೂರು. ಸಿಡಿಯನ್ನು ಯಾರು ಯಾವತ್ತು ಒಯ್ದರು ಎಂಬ ಲೆಕ್ಕ ಅದು. ಆ ಸಿಡಿಯಲ್ಲಿ ಇದ್ದದ್ದು ಲಿನಕ್ಸ್.

ಲಕೋಟೆಯನ್ನು ಹುಡುಕಿ ತೆಗೆಯಲು ಕಾರಣವಿತ್ತು. ನಾಲ್ಕು ತಾಲ್ಲೂಕಿನ ಹಳೆಯ ಗೆಳೆಯರು ಒಂದು ಮದುವೆಯಲ್ಲಿ ಸಿಕ್ಕಿದ್ದೆವು. ಊಟದ ಪಂಕ್ತಿಯಲ್ಲಿ ಕುಳಿತಾಗ ಮಾತು ಹೊರಳಿ ಹೊರಳಿ ನಮ್ಮ ನಿಂತುಹೋದ ಲಿನಕ್ಸ್ ಕೂಟಕ್ಕೆ ಬಂತು. ಮತ್ತೆ ಶುರು ಮಾಡೋಣ ಎಂದರು ಎಲ್ಲರೂ. ಆದರೆ ಹಿಂದೆ ತಿಂಗಳಿಗೊಮ್ಮೆ ಸೇರುತ್ತಿದ್ದೆವೋ ಎರಡು ಸಲವೋ, ಕಡೆಯ ಸಲ ಸೇರಿದ್ದು ಯಾವಾಗ, ನಿಂತದ್ದು ಯಾಕೆ ಎಂದು ಕೇಳಿದರೆ ನಾಲ್ವರದೂ ನಾಲ್ಕು ಉತ್ತರ. ನಮಗೆ ಹೆಸರಿನ ಫಲಕವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ, ನಡಾವಳಿಯನ್ನು ಯಾರೂ ಬರೆದಿರಲಿಲ್ಲ. ಇದ್ದ ಒಂದೇ ದಾಖಲೆ ಆ ಲಕೋಟೆ. ಹಾಗಾಗಿ ಒಂದು ಕೆಲಸ ವಹಿಸಿಕೊಂಡೆ. ಮತ್ತೆ ಸೇರುವ ಮೊದಲು, ಇಂಥ ಬಳಗಗಳು ಕನ್ನಡ ನಾಡಿನಲ್ಲಿ ಹೇಗೆ ಹುಟ್ಟಿದವು, ಹೇಗೆ ಮರೆಯಾದವು, ಅವು ಬಿಟ್ಟುಹೋದ ಗುರುತು ಎಲ್ಲಿ ಉಳಿದಿದೆ ಎಂದು ಹುಡುಕುವುದು.

ಐವತ್ತು ಗಂಟೆಯ ಲೆಕ್ಕ

ಹುಡುಕಾಟ ಶುರುವಾದದ್ದು ಸಿಡಿಯಿಂದಲೇ. ಒಂದು ಊರಿನ ಹುಡುಗರು ಒಂದೇ ಸಿಡಿಯನ್ನು ಕೈಯಿಂದ ಕೈಗೆ ಯಾಕೆ ದಾಟಿಸಬೇಕಿತ್ತು?

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ ಎಂದು ಸಾರಿದ್ದು 1991ರ ಆಗಸ್ಟ್ 25ರಂದು. ಅದೇ ಲಿನಕ್ಸ್. ಅದಕ್ಕೆ ಎಂಟು ವರ್ಷ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದ್ದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂಬ ನಾಲ್ಕು ಹಕ್ಕುಗಳನ್ನು ಅವರ ಜಿಪಿಎಲ್ ಪರವಾನಗಿ ಕಾಗದದ ಮೇಲೆ ಗಟ್ಟಿ ಮಾಡಿತ್ತು. ಟೊರ್ವಾಲ್ಡ್ಸ್ ತನ್ನ ಕೆಲಸವನ್ನು ಅದೇ ಪರವಾನಗಿಯ ಅಡಿ ತಂದರು. ನಮ್ಮ ಲಕೋಟೆಯ ಸಿಡಿ ಊರೂರು ಸುತ್ತಿದ್ದು ಕಳ್ಳನಕಲಾಗಿ ಅಲ್ಲವೇ ಅಲ್ಲ. ಹಂಚಿಕೊಳ್ಳಿ ಎಂದು ಬರೆದುಕೊಟ್ಟ ಹಕ್ಕಿನ ಮೇಲೆಯೇ ಅದು ಸುತ್ತಿತ್ತು.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆ ಕಾಲದ 28.8 ಕಿಲೋಬಿಟ್ ಮೋಡೆಮ್ಮಿನಲ್ಲಿ 650 ಎಂಬಿಯ ಒಂದು ಸಿಡಿಯನ್ನು ಇಳಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಎಡೆಬಿಡದೆ 50 ಗಂಟೆ. ಎರಡು ಹಗಲು, ಎರಡು ರಾತ್ರಿ ಫೋನ್ ಲೈನು ಒಮ್ಮೆಯೂ ಕಡಿಯಬಾರದು, ಕರೆಂಟೂ ಹೋಗಬಾರದು. ಹುಣಸೂರಿನಲ್ಲಿ ಇವೆರಡೂ ಆಗದ ಮಾತು. ಆ ಕಷ್ಟ ದಾಟಿಸಿದ್ದು ಪಿಸಿಕ್ವೆಸ್ಟ್. 1996ರ ಮಾರ್ಚ್‌ನಲ್ಲಿ ಅದು ಲಿನಕ್ಸನ್ನು ಸಿಡಿಯಲ್ಲಿ ತುಂಬಿ ಓದುಗರ ಮನೆಗೆ ಮುಟ್ಟಿಸಿತು. ಅದರ ಹಿಂದೆ ಇದ್ದವರು ಅತುಲ್ ಚಿಟ್ನಿಸ್. ಬರ್ಲಿನ್‌ನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರನ್ನು ಊರು ಮಾಡಿಕೊಂಡಿದ್ದವರು.

ಸಿಡಿ ಮನೆಗೆ ಬಂದರೂ ಕೆಲಸ ಮುಗಿಯುತ್ತಿರಲಿಲ್ಲ. ಹಾರ್ಡ್ ಡಿಸ್ಕನ್ನು ಭಾಗ ಮಾಡುವಾಗ ಎಡವಿದರೆ ಅಪ್ಪನ ಲೆಕ್ಕದ ಫೈಲುಗಳೆಲ್ಲ ಮಾಯ. ಮಾನಿಟರಿನ ಅಂಕಿಗಳನ್ನು ತಪ್ಪು ಕೊಟ್ಟರೆ ಪರದೆಯೇ ಕಪ್ಪು. ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ತಿಳಿಯಲು ಪಕ್ಕದಲ್ಲಿ ಕೂರಲೇಬೇಕು. ಲಿನಕ್ಸ್ ಬಳಕೆದಾರರ ಬಳಗಗಳು ಲೋಕದಾದ್ಯಂತ ಹುಟ್ಟಿದ್ದು ಈ ಅಗತ್ಯದಿಂದ. ಬೆಂಗಳೂರಿನ ಬಳಗ ಹೀಗೆಯೇ ಬೆಳೆದು, 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆಸಿತು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು, 2012ರವರೆಗೆ ನಡೆಯಿತು. 2013ರ ಜೂನ್ 3ರಂದು ಚಿಟ್ನಿಸ್ ತೀರಿಕೊಂಡರು. ನಮಗೆ ಹತ್ತಿರದ ಮೈಸೂರಿನಲ್ಲಿ ಎಸ್‌ಜೆಸಿಇ ಕಾಲೇಜಿನ ವಿದ್ಯಾರ್ಥಿಗಳು ಲಿನಕ್ಸ್ ಕ್ಯಾಂಪಸ್ ಕ್ಲಬ್ ಕಟ್ಟಿಕೊಂಡರು. ರಾಜ್ಯದ ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಆಸರೆಯಲ್ಲಿ ಇಂಥ ಬಳಗಗಳು ಎದ್ದವು.

ಇದೆಲ್ಲ ಅಚ್ಚಿನಲ್ಲಿ ಸಿಗುವ ಚರಿತ್ರೆ. ಲಕೋಟೆಯ ಮೇಲಿನ ಊರುಗಳು ಇದರಲ್ಲಿ ಇಲ್ಲ.

ಅಳಿಸಿಹೋದ ಅಂಗಳ

ಆ ಕಾಲದ ಬಳಗಗಳು ಮಾತಾಡಿಕೊಳ್ಳುತ್ತಿದ್ದ ಅಂಗಳಗಳಲ್ಲಿ ದೊಡ್ಡದು ಯಾಹೂ ಗ್ರೂಪ್ಸ್. ಹಣವಿಲ್ಲದ ಬಳಗಕ್ಕೆ ಅದು ಬಿಟ್ಟಿ ಸಿಕ್ಕ ಜಗುಲಿ. ಯಾವ ಭಾನುವಾರ ಎಲ್ಲಿ ಸೇರುವುದು, ಯಾರ ಮನೆಯ ಯಂತ್ರಕ್ಕೆ ಏನಾಯಿತು ಎಂಬುದೆಲ್ಲ ಅಲ್ಲಿಯೇ. 2020ರ ಡಿಸೆಂಬರ್ 15ರಂದು ಆ ಸೇವೆ ಮುಚ್ಚಿತು. ಅದಕ್ಕೆ ಮೊದಲೇ ಹಳೆಯ ಬರಹಗಳನ್ನು ಅಳಿಸಿದ್ದರು. ಜಿಯೋಸಿಟೀಸ್‌ನಲ್ಲಿ ಪುಟ ಕಟ್ಟಿಕೊಂಡಿದ್ದವರ ಪಾಡು ಇನ್ನೂ ಮುಂಚೆ, 2009ರ ಅಕ್ಟೋಬರಿನಲ್ಲಿಯೇ ಆಗಿತ್ತು. 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ ಕೆಲವು ಪುಟಗಳ ಪ್ರತಿ ತೆಗೆದಿಟ್ಟಿದೆ. ಅಲ್ಲಿ ಹಳೆಯ ವಿಳಾಸಗಳನ್ನು ಒಂದೊಂದಾಗಿ ಕೊಟ್ಟು ನೋಡುತ್ತ ಕುಳಿತ ರಾತ್ರಿಗಳು ನೆನಪಿವೆ. ಮುಖಪುಟ ತೆರೆದುಕೊಳ್ಳುತ್ತದೆ, ‘ಮುಂದಿನ ಸಭೆ’ ಎಂಬಲ್ಲಿ ಒತ್ತಿದರೆ ಬರಿದು.

ಪರರ ಜಗುಲಿಯಲ್ಲಿ ಕೂತು ಆಡಿದ ಮಾತಿಗೆ ಆ ಮನೆಯ ಬಾಗಿಲು ತೆರೆದಿರುವಷ್ಟೇ ದಿನ ಆಯಸ್ಸು. ನಮ್ಮ ಕೂಟದ ಮಾತುಗಳೂ ಹಾಗೆಯೇ ಹೋದವು. ಒಂದು ಹಂತದಲ್ಲಿ ಈ ಹುಡುಕಾಟ ಬಿಟ್ಟುಬಿಡೋಣ ಎನ್ನಿಸಿತು. ಆಗ ಕೆ.ಆರ್. ನಗರದ ಗೆಳೆಯ ಫೋನಿನಲ್ಲಿ ಒಂದು ಮಾತು ಹೇಳಿದ: “ಅಲ್ಲಪ್ಪಾ, ಮಾತಾಡಿದ್ದು ಹೋಯ್ತು ಅಂತೀಯ. ಮಾಡಿದ ಕೆಲ್ಸ ಎಲ್ಲೋಯ್ತದೆ? ಅದನ್ ನೋಡು.”

ನೋಡಿದೆ.

ಕಡತ

ಲಿನಕ್ಸಿನ ಪರದೆಯನ್ನು ಕನ್ನಡಕ್ಕೆ ತಿರುಗಿಸಿದರೆ ‘ಫೈಲ್’ ಎಂಬ ಕಡೆ ‘ಕಡತ’ ಎಂದು ಕಾಣುತ್ತದೆ. ಈ ಪದವನ್ನು ಆರಿಸಿಕೊಂಡವರಿಗೆ ನಮಸ್ಕಾರ ಹೇಳಬೇಕು. ಕಡತವೆಂದರೆ ಹಿಂದೆ ವ್ಯಾಪಾರಿಗಳು, ಶಾನುಭೋಗರು, ಮಠದವರು ಲೆಕ್ಕ ಬರೆದಿಡುತ್ತಿದ್ದ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅದರ ಗುಣವೆಂದರೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಕಪ್ಪು ಬಳಿದರೆ ಅದೇ ಕಡತದಲ್ಲಿ ಮತ್ತೆ ಬರೆಯಬಹುದು. ಹೆಸರಿನಲ್ಲೇ ಹುಣಸೆ ಇರುವ ಊರಿನವನಾದ ನನಗೆ ಈ ಪದ ಪರದೆಯ ಮೇಲೆ ಕಂಡಾಗಲೆಲ್ಲ ಮನೆಯವರನ್ನು ಕಂಡಂತಾಗುತ್ತದೆ.

ಲಿನಕ್ಸಿನ ಕನ್ನಡ ಅನುವಾದ ಕೂಡ ಒಂದೊಂದು ಕಡತದಲ್ಲಿಯೇ ಇರುತ್ತದೆ. ಪ್ರತಿ ತಂತ್ರಾಂಶಕ್ಕೂ ಒಂದು, ಹೆಸರು ‘ಕೆಎನ್.ಪಿಒ’. ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಿ ತೆರೆದರೂ ಓದಬಹುದು. ಒಂದು ಸಾಲು ಇಂಗ್ಲಿಷು, ಅದರ ಕೆಳಗೆ ಕನ್ನಡ. ‘ತೆರೆ’, ‘ಉಳಿಸು’, ‘ಮುದ್ರಿಸು’. ಸಾವಿರಾರು ಸಾಲು ಹೀಗೆ ಜೋಡಿ ಜೋಡಿಯಾಗಿ ಹರಿಯುತ್ತವೆ. ನಾನು ಹುಡುಕುತ್ತಿದ್ದದ್ದು ಆ ಸಾಲುಗಳಲ್ಲಿ ಇರಲಿಲ್ಲ. ಕಡತದ ತಲೆಯಲ್ಲಿತ್ತು.

ಪ್ರತಿ ಕಡತದ ಆರಂಭದಲ್ಲಿ ಹತ್ತು ಹನ್ನೆರಡು ಸಾಲಿನ ತಲೆಬರಹ. ಮೊದಲು ಅನುವಾದ ಮಾಡಿದವರು ಯಾರು, ಯಾವ ವರ್ಷ. ಆಮೇಲೆ ತಿದ್ದಿದವರು ಯಾರು. ಕಡೆಯ ಸಲ ಕೈಯಾಡಿಸಿದವರು ಯಾರು. ಕನ್ನಡ ತಂಡ ಯಾವುದು. ಕಡೆಯ ತಿದ್ದುಪಡಿ ಯಾವ ದಿನ, ಎಷ್ಟು ಗಂಟೆ, ಎಷ್ಟು ನಿಮಿಷಕ್ಕೆ. ಒಂದಾದ ಮೇಲೊಂದು ಕಡತ ತೆರೆಯುತ್ತ ಹೋದೆ. ಹೆಸರುಗಳು ಬಂದವು, ವರ್ಷಗಳು ಬಂದವು. ದಿನವೆಲ್ಲ ಆಫೀಸಿನ ಕೆಲಸ ಮುಗಿಸಿ ರಾತ್ರಿ ಕೂತು ಬರೆದವರು, ರಜೆಯ ದಿನ ಬರೆದವರು. ನಾವು ಕಳೆದುಕೊಂಡೆವು ಎಂದುಕೊಂಡಿದ್ದ ಹಾಜರಿ ಪುಸ್ತಕ ಇಲ್ಲಿತ್ತು. ಬಳಗ ಮಾಡಿದ ಕೆಲಸದೊಳಗೇ ಬಳಗದ ಹಾಜರಿ.

ಅದರಲ್ಲಿ ಇಲ್ಲದ್ದು ಒಂದೇ, ಊರು. ಲಿನಕ್ಸ್ ಕರ್ನಲ್ಲಿನ ಜೊತೆ ಬರುವ ‘ಕ್ರೆಡಿಟ್ಸ್’ ಎಂಬ ಕಡತದಲ್ಲಿ ದುಡಿದವರ ಹೆಸರಿನ ಜೊತೆ ಅಂಚೆ ವಿಳಾಸಕ್ಕೂ ಒಂದು ಸಾಲಿದೆ. ಅನುವಾದದ ಕಡತದಲ್ಲಿ ಆ ಸಾಲಿಲ್ಲ. ಸ್ಥಳದ ಸುಳಿವು ಕೊಡುವುದು ವೇಳೆಯ ಕೊನೆಗೆ ಅಂಟಿದ ಐದು ಗುರುತುಗಳಷ್ಟೇ: +0530. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು, ಅಂದರೆ ಭಾರತ. ಬೆಂಗಳೂರಿನ ದೊಡ್ಡ ಕಂಪನಿಯ ಎಂಜಿನಿಯರೂ ಅದೇ ಐದೂವರೆ ಗಂಟೆ, ಚುಂಚನಕಟ್ಟೆಯ ಹೊಳೆ ದಂಡೆಯವನೂ ಅದೇ ಐದೂವರೆ ಗಂಟೆ. ಶಾಸನತಜ್ಞ ಲೂಯಿಸ್ ರೈಸ್ ಮತ್ತು ಅವರ ಪಂಡಿತರು ನೂರಿಪ್ಪತ್ತೈದು ವರ್ಷದ ಹಿಂದೆ ಮೈಸೂರು ಸೀಮೆಯ ಶಾಸನಗಳನ್ನು ಅಚ್ಚು ಹಾಕಿಸಿದಾಗ ತಾಲ್ಲೂಕುವಾರು ಜೋಡಿಸಿ, ಯಾವ ಊರಿನ ಯಾವ ಜಾಗದ ಕಲ್ಲು ಎಂದು ಪ್ರತಿಯೊಂದಕ್ಕೂ ಬರೆದಿದ್ದರು. ಹಾಗೆ ಬರೆದದ್ದರಿಂದಲೇ ಇವತ್ತು ಹೆಗ್ಗಡದೇವನಕೋಟೆಯ ಹುಡುಗಿಯೊಬ್ಬಳು ತನ್ನ ಊರಿನ ಕಲ್ಲನ್ನು ಪುಸ್ತಕದಲ್ಲಿ ಹುಡುಕಿಕೊಳ್ಳಬಹುದು. ಗಣಕದ ಕಡತದಲ್ಲಿ ತನ್ನ ಊರಿನವರನ್ನು ಹುಡುಕಿಕೊಳ್ಳಲು ಅವಳಿಗೆ ದಾರಿಯಿಲ್ಲ.

ಕನ್ನಡದ ಈ ಕೆಲಸದಲ್ಲಿ ನಾಡಿಗೆ ಗೊತ್ತಿರುವ ಹೆಸರುಗಳಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಮೊದಲ ದಿನಗಳಲ್ಲಿ ಬೆಳೆಸಿದವರಲ್ಲಿ ಒಬ್ಬರು, ‘ಸಂಪದ’ ಜಾಲತಾಣ ಕಟ್ಟಿದ ಹರಿಪ್ರಸಾದ್ ನಾಡಿಗ್. ‘ಲಿನಕ್ಸಾಯಣ’ ಎಂಬ ಸರಣಿಯಲ್ಲಿ ಲಿನಕ್ಸನ್ನು ಕನ್ನಡದಲ್ಲೇ ಬಿಡಿಸಿ ಹೇಳಿ, ಆಮೇಲೆ ‘ಸಂಚಯ’ ತಂಡದೊಂದಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಲು ಬರುವಂತೆ ಮಾಡಿದ ಓಂಶಿವಪ್ರಕಾಶ್. ಅಚ್ಚುಮೊಳೆಯ ಕಾಲದಿಂದ ಗಣಕದ ಕಾಲಕ್ಕೆ ಕನ್ನಡವನ್ನು ದಾಟಿಸಿದ ಕೆ.ಪಿ. ರಾವ್. ರಾಯರ ಕೀಲಿಮಣೆಯ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ಎತ್ತಿಕೊಂಡು ನಾಡಿಗೆಲ್ಲ ಹರಡಿತು. ಲಿನಕ್ಸಿನಲ್ಲಿ ಅದೇ ವಿನ್ಯಾಸ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಎಚ್, ಯು, ಶಿಫ್ಟ್ ಹಿಡಿದು ಎನ್, ಎಸ್, ಶಿಫ್ಟ್ ಹಿಡಿದು ಯು, ಆರ್, ಯು. ಏಳು ಕೀಲಿಗೆ ಪರದೆಯ ಮೇಲೆ ‘ಹುಣಸೂರು’. ‘ಪಿರಿಯಾಪಟ್ಟಣ’ಕ್ಕೆ ಹನ್ನೊಂದು, ಕ್ಯೂ ಒತ್ತಿದರೆ ಟ, ನಡುವೆ ಎಫ್ ಒತ್ತಿ ಇನ್ನೊಮ್ಮೆ ಕ್ಯೂ ಒತ್ತಿದರೆ ಒತ್ತಕ್ಷರ.

ಒಂದೊಂದೇ ಸಾಲಾಗಿ ಇಂಗ್ಲಿಷಿಗೆ

ತಲೆಬರಹಗಳನ್ನು ಓದುತ್ತ ಹೋದಾಗ ಬಳಗ ಮರೆಯಾಗುವ ಬಗೆಯೂ ಕಣ್ಣಿಗೆ ಬಿತ್ತು.

ಲಿನಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಗ್ನೋಮ್’ ಪರದೆಯ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಪ್ರತಿ ಸಲವೂ ಒಂದಷ್ಟು ಹೊಸ ಇಂಗ್ಲಿಷ್ ಸಾಲುಗಳು ಸೇರುತ್ತವೆ, ಒಂದಷ್ಟು ಬದಲಾಗುತ್ತವೆ. ಮೂಲದ ಸಾಲು ಬದಲಾದರೆ ಅದರ ಕನ್ನಡಕ್ಕೆ ‘ಫಜ್ಜಿ’ ಎಂಬ ಗುರುತು ಬೀಳುತ್ತದೆ. ಇದನ್ನು ಇನ್ನೊಮ್ಮೆ ನೋಡಬೇಕು ಎಂದರ್ಥ. ಯಾರೂ ನೋಡದ ಸಾಲು ಪರದೆಯ ಮೇಲೆ ಕನ್ನಡದಲ್ಲಿ ಬರುವುದಿಲ್ಲ, ಇಂಗ್ಲಿಷಿಗೆ ಮರಳುತ್ತದೆ. ಯಾರೂ ಕನ್ನಡವನ್ನು ತೆಗೆದುಹಾಕಿರುವುದಿಲ್ಲ. ಬಳಗ ಸೇರುವುದು ನಿಂತಿತು, ಅಷ್ಟೇ. ಮೊದಲ ಆರು ತಿಂಗಳಿಗೆ ಹತ್ತಾರು ಸಾಲು, ಮುಂದಿನ ಆರು ತಿಂಗಳಿಗೆ ಇನ್ನಷ್ಟು. ಕೆಲವು ವರ್ಷಕ್ಕೆ ಪರದೆಯ ತುಂಬ ಇಂಗ್ಲಿಷು, ನಡುವೆ ಅಲ್ಲಲ್ಲಿ ‘ಕಡತ’, ‘ಉಳಿಸು’. ಗದ್ದೆಯನ್ನು ಬೀಳು ಬಿಟ್ಟರೆ ಕಳೆ ಹೇಗೆ ಬದುವಿನಿಂದ ಒಳಗೆ ಬರುತ್ತದೋ ಹಾಗೆ.

ಇದು ತಿಳಿದ ದಿನ ನಮ್ಮ ಕೂಟದ ಬಗೆಗಿನ ನನ್ನ ನೋಟ ಬದಲಾಯಿತು. ಲಿನಕ್ಸ್ ಹಾಕಿಕೊಳ್ಳುವುದು ಸುಲಭವಾಯಿತು, ಇಂಟರ್ನೆಟ್ ವೇಗವಾಯಿತು, ಇನ್ನು ಸೇರುವ ಅಗತ್ಯವಿಲ್ಲ ಎಂದುಕೊಂಡು ನಾವು ಚದುರಿದ್ದೆವು. ಅಗತ್ಯ ಹಾಗೆಯೇ ಇತ್ತು. ಸಿಡಿ ಕೊಡುವ ಕೆಲಸ ಮುಗಿದಿತ್ತು, ಕನ್ನಡವನ್ನು ಕಾಯುವ ಕೆಲಸ ಶುರುವಾಗಿತ್ತು.

ಧ್ವನಿ ಮತ್ತೆ ಬಂದದ್ದು

ಹೀಗೆ ನಿಂತುಹೋದದ್ದು ಮತ್ತೆ ಎದ್ದ ಉದಾಹರಣೆ ಇದೆಯೇ ಎಂದು ಹುಡುಕಿದೆ. ಸಿಕ್ಕ ಅತ್ಯಂತ ಚೆಂದದ ಉದಾಹರಣೆಯ ಬೇರು ಬೆಂಗಳೂರಿನಲ್ಲಿತ್ತು.

2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ನಾಡಿನ ಮುಂದಿಟ್ಟರು. ಹಳ್ಳಿಯವರಿಗಾಗಿ ಎಂದೇ ಮಾಡಿದ ಅದು ಓಡುತ್ತಿದ್ದದ್ದು ಲಿನಕ್ಸಿನ ಮೇಲೆ. ಓದಲು ಬಾರದವರಿಗೂ ಪರದೆಯ ಬರಹ ಕಿವಿಗೆ ಕೇಳಬೇಕೆಂದು, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಬರೆದರು. ಕನ್ನಡ ಅದು ಕಲಿತ ಮೊದಲ ಭಾಷೆಗಳಲ್ಲಿ ಒಂದು. ಸಿಂಪ್ಯೂಟರ್ ಬಹಳ ದಿನ ಬಾಳಲಿಲ್ಲ. ಮೊಬೈಲ್ ಫೋನು ಬಂದು ಅದರ ಜಾಗವನ್ನು ಹಿಡಿಯಿತು. ಯಂತ್ರದ ಜೊತೆ ಧ್ವನಿಯೂ ಮುಗಿದುಹೋಗಬೇಕಿತ್ತು.

ಮುಗಿಯಲಿಲ್ಲ. ಧ್ವನಿಯನ್ನು ಜಿಪಿಎಲ್ ಪರವಾನಗಿಯ ಅಡಿ ತೆರೆದಿಟ್ಟಿದ್ದರು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೊಟ್ಟಿಂಗಲ್ ಅದನ್ನು ಎತ್ತಿಕೊಂಡು, ದೂಳು ಕೊಡವಿ, ಮಲಯಾಳವನ್ನು ಸೇರಿಸಿದರು. ಆಮೇಲೆ ಇನ್ನೂ ಹಲವು ಭಾರತೀಯ ಭಾಷೆಗಳು ಸೇರಿದವು. ಬೆಂಗಳೂರಿನಲ್ಲಿ ಹುಟ್ಟಿ ನಿಂತ ಉಸಿರನ್ನು ಘಟ್ಟದ ಆಚೆಯವರು ಮತ್ತೆ ಹರಿಸಿದರು. ಅವರಿಗೆ ಸಿಂಪ್ಯೂಟರ್ ಬೇಕಿರಲಿಲ್ಲ, ಹಳೆಯ ತಂಡದ ಪರಿಚಯವೂ ಬೇಕಿರಲಿಲ್ಲ. ಬೇಕಿದ್ದದ್ದು ತೆರೆದಿಟ್ಟ ಕಡತ ಮತ್ತು ಅದರ ತಲೆಬರಹ.

ಆ ಮಲಯಾಳಂ ಬಳಗ 2002ರಲ್ಲಿ ಶುರುವಾದದ್ದು ಕೋಝಿಕ್ಕೋಡಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯಿಂದ. ಕೆಲವು ವರ್ಷ ಮಂದವಾಗಿ, ಹೊಸ ಹುಡುಗರು ಬಂದಮೇಲೆ ಮತ್ತೆ ಚೇತರಿಸಿಕೊಂಡು, ಇವತ್ತು ಅವರ ಅಕ್ಷರವಿನ್ಯಾಸಗಳಿಲ್ಲದೆ ಮಲಯಾಳದ ಗಣಕವೇ ಇಲ್ಲ ಎಂಬಷ್ಟು ಬೆಳೆದಿದೆ.

ಬಾವಲಿಯ ಆಚೆ, ಬೈಲಕುಪ್ಪೆಯ ಒಳಗೆ

ಕೋಝಿಕ್ಕೋಡು ನಮಗೆ ದೂರದ ಊರಲ್ಲ. ಕೋಟೆಯಿಂದ ಅಂತರಸಂತೆ ದಾಟಿ, ನಾಗರಹೊಳೆಯ ಕಾಡಿನ ನಡುವೆ ಹೋದರೆ ಬಾವಲಿ, ಅಲ್ಲಿಂದಾಚೆ ವಯನಾಡು. ಸಂಜೆ ಆರಕ್ಕೆ ಆ ದಾರಿಯ ಗೇಟು ಬೀಳುತ್ತದೆ, ಬೆಳಿಗ್ಗೆ ಆರಕ್ಕೆ ಏಳುತ್ತದೆ. ಗೇಟಿನ ಆಚೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಗಣಕ ಕಲಿಯುವುದು ಲಿನಕ್ಸಿನ ಮೇಲೆ, ತಮ್ಮ ನುಡಿಯಲ್ಲಿ. ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಶುರುವಾಗಿ, ಈಗ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿದೆ. 2019ರಲ್ಲಿ ಅದು ಶಾಲೆಗಳ ಲಿನಕ್ಸಿನ ಹೊಸ ಆವೃತ್ತಿಯನ್ನು ತಂದಾಗ ರಾಜ್ಯದ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಅದು ಹೋಗುತ್ತದೆ, ಇದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಹೇಳಿತ್ತು.

ಗೇಟಿನ ಈಚೆಗೂ ಅಂಥ ಬೀಜ ಬಿದ್ದಿತ್ತು. 2011ರಿಂದ ರಾಜ್ಯ ಸರ್ಕಾರದ ಶಿಕ್ಷಕರ ತರಬೇತಿ ಸಂಸ್ಥೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಉಬುಂಟು ಎಂಬ ಲಿನಕ್ಸ್ ಕಲಿಸಿದವು. ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದು ತೋರಿಸಿದ ಮೇಷ್ಟ್ರು, ಪಾಠಗಳನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟ ಮೇಡಮ್ಮುಗಳು ಇಡೀ ರಾಜ್ಯದಲ್ಲಿ ಇದ್ದಾರೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಬಳಗಕ್ಕೆ ಮೊದಲು ಕರೆಯಬೇಕಾದವರು ಇವರೇ. ಬೆಂಗಳೂರಿನ ಗುರಪ್ಪನಪಾಳ್ಯದ ಹತ್ತಿರದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಗಣಕ ಕೇಂದ್ರ ನಡೆಸಿದ ಸ್ವಯಂಸೇವಕರು, ಕೂಲಿಯವರ ಮಕ್ಕಳ ಕೈಗೆ ಗಿಂಪ್ ತಂತ್ರಾಂಶ ಕೊಟ್ಟು ಚಿತ್ರ ಬರೆಸಿದರು. ಲಿನಕ್ಸ್ ಬಳಗವೆಂದರೆ ಎಂಜಿನಿಯರುಗಳ ಕೂಟ ಎಂಬ ನಮ್ಮ ಹಳೆಯ ಅನಿಸಿಕೆಯನ್ನು ಆ ಮಕ್ಕಳು ಸುಳ್ಳು ಮಾಡಿದ್ದಾರೆ.

ಸಣ್ಣ ಊರಿನಲ್ಲಿ ಇದು ನಡೆಯುತ್ತದೆಯೇ ಎಂಬ ಅನುಮಾನಕ್ಕೆ ತಮಿಳುನಾಡು ಉತ್ತರ ಕೊಟ್ಟಿತು. ಚೆನ್ನೈನ ಬಳಗ ತಿಂಗಳ ಎರಡನೆಯ ಶನಿವಾರವನ್ನು ದಶಕಗಳಿಂದ ಸಭೆಗೆಂದೇ ಮೀಸಲಿಟ್ಟಿದೆ. ಕಾಂಚೀಪುರದಲ್ಲೊಂದು ಬಳಗವಿದೆ. ವಿಲ್ಲುಪುರಂನ ಬಳಗ ಹಳ್ಳಿಯ ವಿದ್ಯಾರ್ಥಿಗಳಿಗೆ ತಮಿಳಿನಲ್ಲೇ ಕಲಿಸುತ್ತದೆ. ಇವುಗಳಿಂದ ನಾನು ಕಲಿತದ್ದು ಒಂದೇ ಅಂಶ: ದಿನ ಬದಲಿಸಬಾರದು. ಎಷ್ಟು ಜನ ಬಂದರು ಎಂದು ನೋಡಿ ಸಭೆ ನಡೆಸಬಾರದು.

ಇನ್ನೊಂದು ಉತ್ತರ ಪಿರಿಯಾಪಟ್ಟಣ ತಾಲ್ಲೂಕಿನ ಒಳಗೇ ಇತ್ತು. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಬೈಲಕುಪ್ಪೆಯಲ್ಲಿ ಕಾಡು ಕಡಿದು ನೆಲೆ ನಿಂತರು. ಅಲ್ಲಿನ ಸೇರಾ ಮೇ ಮಠದಲ್ಲಿ ಓದಿದ ಗೆಶೆ ಲೋಬ್ಸಾಂಗ್ ಮೊನ್‌ಲಮ್ ಎಂಬ ಸನ್ಯಾಸಿ ಗಣಕವನ್ನು ತಾವೇ ಕಲಿತು, ಟಿಬೆಟನ್ ಲಿಪಿಗೆ ಅಕ್ಷರವಿನ್ಯಾಸ ಮಾಡಿದರು. ಅವರ ಮುಂದಾಳುತನದಲ್ಲಿ ತಯಾರಾದ ಟಿಬೆಟನ್ ಮಹಾನಿಘಂಟು 2022ರಲ್ಲಿ ಹೊರಬಂತು, 223 ಸಂಪುಟ. ನಮ್ಮ ಮೈಸೂರು–ಕುಶಾಲನಗರ ಬಸ್ಸು ದಿನಕ್ಕೆ ಎಷ್ಟೋ ಸಲ ಹಾದುಹೋಗುವ ಊರಿನಲ್ಲಿ, ನಾಡು ಕಳೆದುಕೊಂಡವರು ನುಡಿಯನ್ನು ಗಣಕದಲ್ಲಿ ಉಳಿಸಿಕೊಂಡರು. ನಾವು ನಮ್ಮ ನಾಡಿನಲ್ಲೇ ಇದ್ದೇವೆ. ನಮಗೆ ತಡೆ ಏನು?

“ನಮ್ ನುಡಿ ಫೈಲು ಏನಾಗ್ತವೆ?”

ಕಡೆಯ ದಾಖಲೆಗಾಗಿ ಹುಣಸೂರು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಸಿಡಿ ಓದುವ ಡ್ರೈವು ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ, ಅಲ್ಲಿನ ಹಳೆಯ ಅಸೆಂಬಲ್ಡ್ ಯಂತ್ರದಲ್ಲಿ ಇತ್ತು. ಸಿಡಿ ಗಿರ್ರೆಂದು ತಿರುಗಿತು, ಫೈಲುಗಳ ಪಟ್ಟಿ ಬಂತು. ಅಂಗಡಿಯವರು ಬಗ್ಗಿ ನೋಡಿ, “ಇದು ಲಿನಕ್ಸಲ್ವಾ ಸಾ?” ಎಂದರು. ಆ ಹೆಸರು ಅವರಿಗೆ ಗೊತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿದಿತ್ತು. ಅವರ ಎರಡು ಯಂತ್ರಗಳು ವಿಂಡೋಸ್ 11ಕ್ಕೆ ಆಗುವುದಿಲ್ಲ ಎಂದು ರಿಪೇರಿಯವನು ಹೇಳಿದ್ದ.

“ಲಿನಕ್ಸ್ ಹಾಕೊಡಿ ಸಾ, ಬ್ಯಾಡ ಅನ್ನಲ್ಲ. ಆದ್ರೆ ಇಪ್ಪತ್ ವರ್ಸದ ಅರ್ಜಿ, ಲಗ್ನಪತ್ರಿಕೆ, ಕ್ರಯಪತ್ರದ ನಮೂನೆ ಎಲ್ಲ ನುಡೀಲಿ ಕೂತಾವೆ. ನಮ್ ನುಡಿ ಫೈಲು ಏನಾಗ್ತವೆ?”

ಈ ಪ್ರಶ್ನೆ ಕೇಳಿದವರು ಅವರೊಬ್ಬರೇ ಆಗಿದ್ದರೂ ಇದು ಕರ್ನಾಟಕದ ಪ್ರತಿ ಡಿಟಿಪಿ ಅಂಗಡಿಯ ಪ್ರಶ್ನೆ. ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫೈಲಿನಲ್ಲಿ ಕನ್ನಡವೆಂದು ಕಾಣುವುದು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಹೊದಿಸಿದ ಕನ್ನಡದ ಚಿತ್ರ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಯುನಿಕೋಡಿನಲ್ಲಿ ಹಾಗಲ್ಲ. ಲಿನಕ್ಸ್ ಹುಟ್ಟಿದ 1991ರಲ್ಲೇ ಬಂದ ಅದರ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಮನೆಗಳಿದ್ದವು. 3221ನೆಯ ಸಂಖ್ಯೆ ಎಂದರೆ ಲೋಕದ ಯಾವ ಯಂತ್ರದಲ್ಲೂ ‘ಕ’ವೇ. ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಮುಕ್ತ ಪರಿವರ್ತಕಗಳನ್ನು ಕನ್ನಡಿಗರೇ ಬರೆದು ಹಂಚಿದ್ದಾರೆ. ತಿರುಗಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಸರಿ ಬಂದಿದೆಯೇ ಎಂದು ಕಣ್ಣಾಡಿಸಬೇಕು. ಅದಕ್ಕೆ ಪಕ್ಕದಲ್ಲೊಬ್ಬರು ಕೂರಬೇಕು.

ಅವತ್ತು ಅವರ ಒಂದು ಲಗ್ನಪತ್ರಿಕೆಯನ್ನು ತಿರುಗಿಸಿ, ಪೆನ್ ಡ್ರೈವಿನಿಂದ ಓಡಿಸಿದ ಲಿನಕ್ಸಿನಲ್ಲಿ ತೆರೆದು ತೋರಿಸಿದೆ. ಎರಡು ಒತ್ತಕ್ಷರ ತಪ್ಪಿದ್ದವು, ಅವರೇ ಬೆರಳಿಟ್ಟು ತೋರಿಸಿದರು. ತಿದ್ದಿದೆವು. ನಮ್ಮ ಕೂಟಕ್ಕೆ ಜಾಗ ಸಿಕ್ಕಿದ್ದು ಹಾಗೆ: “ಭಾನುವಾರ ಮಧ್ಯಾಹ್ನ ಅಂಗ್ಡಿ ಬಾಗ್ಲು ಹಾಕಿರ್ತೀನಿ ಸಾ, ಬಂದು ಕೂತ್ಕಳಿ.”

ನಾಲ್ಕು ಸಾಲು

ಈಗ ತಿಂಗಳ ಎರಡನೆಯ ಭಾನುವಾರ ಅಲ್ಲಿ ಸೇರುತ್ತೇವೆ. ಹುಣಸೂರನ್ನು ಆರಿಸಿಕೊಂಡದ್ದು ನನ್ನ ಊರೆಂದಲ್ಲ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಮೂರಕ್ಕೂ ಇಲ್ಲಿಂದ ನೇರ ಬಸ್ಸಿದೆ, ಸಂಜೆಯ ಬಸ್ಸಿಗೆ ಎಲ್ಲರೂ ಮನೆ ಸೇರಬಹುದು. ಮೊದಲ ಸಲ ಬಂದದ್ದು ನಾಲ್ಕೇ ಜನ. ಹುಡುಕಾಟದಿಂದ ಕಲಿತದ್ದನ್ನು ಅಲ್ಲಿಯೇ ನಿಯಮ ಮಾಡಿಕೊಂಡೆವು. ದಿನ ಬದಲಿಸುವುದಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು, ಊರು, ಮಾಡಿದ ಕೆಲಸ ಬರೆಯುತ್ತೇವೆ. ಅದರ ಪ್ರತಿ ಒಂದೇ ಕಂಪನಿಯ ಜಗುಲಿಯಲ್ಲಿ ಇರಬಾರದು, ನಾಲ್ಕು ಊರಿನ ನಾಲ್ಕು ಯಂತ್ರದಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲೂ ಇರಬೇಕು. ಪ್ರತಿ ಸಭೆಯಲ್ಲಿ ಯಾರದಾದರೂ ಒಂದು ಹಳೆಯ ಯಂತ್ರಕ್ಕೆ ಜೀವ, ಯಾರದಾದರೂ ಒಂದು ಕಟ್ಟು ಹಳೆಯ ಬರಹಕ್ಕೆ ಯುನಿಕೋಡು, ಕಡೆಗೆ ಒಂದು ಗಂಟೆ ಅನುವಾದದ ಕಡತ.

ಆ ಮೊದಲ ಸಂಜೆ ಒಂದು ಸಣ್ಣ ಕಡತದ ಫಜ್ಜಿ ಸಾಲುಗಳನ್ನು ತೆರೆದೆವು. ಪರದೆಯ ಎದುರು ಕುಳಿತಿದ್ದವಳು ಕೋಟೆಯ ಗೆಳೆಯನ ಮಗಳು, ಪಿಯುಸಿ ಓದುವವಳು. ಒಂದೊಂದು ಸಾಲಿಗೂ ನಾವು ಮೂವರು ದೊಡ್ಡವರು ವಾದಿಸುತ್ತಿದ್ದೆವು, ಅವಳು ಸರಳವಾದದ್ದನ್ನು ಆರಿಸಿ ಬರೆಯುತ್ತಿದ್ದಳು. ಹದಿನೇಳು ಸಾಲು ಮುಗಿದಾಗ ಬಸ್ಸಿನ ಹೊತ್ತಾಗಿತ್ತು. ಉಳಿಸುವ ಮೊದಲು ಅವಳು ತಲೆಬರಹಕ್ಕೆ ಹೋಗಿ ತನ್ನ ಹೆಸರು, ವರ್ಷ ಬರೆದಳು. ವೇಳೆಯ ಕೊನೆಗೆ +0530 ತಾನಾಗಿಯೇ ಬಂತು.

“ಅಂಕಲ್, ಊರು ಹಾಕೋಕೆ ಜಾಗ ಇಲ್ವಲ್ಲ?” ಎಂದಳು.

ಇಲ್ಲ ಎನ್ನಲು ಹೊರಟವನು ತಡೆದುಕೊಂಡೆ. ತಲೆಬರಹದ ಮೇಲ್ಗಡೆ, ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳಲ್ಲಿ ಏನು ಬೇಕಾದರೂ ಬರೆಯಬಹುದು. ಯಂತ್ರ ಆ ಸಾಲನ್ನು ದಾಟಿ ಮುಂದೆ ಹೋಗುತ್ತದೆ, ಓದುವವರು ಮನುಷ್ಯರು. ಅವಳು ಹ್ಯಾಶ್ ಒತ್ತಿ, ಬಿಸ್ಕತ್ ಡಬ್ಬಿಯ ಲಕೋಟೆಯನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದ ಕ್ರಮದಲ್ಲೇ ನಾಲ್ಕು ಸಾಲು ಬರೆದಳು: ಹೆಗ್ಗಡದೇವನಕೋಟೆ, ಕೃಷ್ಣರಾಜನಗರ, ಪಿರಿಯಾಪಟ್ಟಣ, ಹುಣಸೂರು. ಆಮೇಲೆ ‘ಉಳಿಸು’ ಒತ್ತಿದಳು.